ನಾ ಮಲ್ಕೊಂಡಿದ್ದೆ, ಒಪ್ಪಿದ್ದು ಯಾರು?

"ರಾತ್ರಿ ಎರಡು ಹದಿನಾಲ್ಕಕ್ಕ ನಾ ಮಲ್ಕೊಂಡಿದ್ದೆನವಾ. ಹಂಗಾದ್ರ ಒಪ್ಪಿದ್ದು ಯಾರು?"

ಸೋಮವಾರ ಬೆಳಿಗ್ಗೆ ಕಾಲ್‌ನಲ್ಲಿ ನಮ್ಮ ಚೇಂಜ್ ಮ್ಯಾನೇಜರ್, ಅಂದರೆ ಸಾಫ್ಟ್‌ವೇರ್‌ನ ಬದಲಾವಣೆಗಳಿಗೆ ಒಪ್ಪಿಗೆ ಕೊಡೋ ಸರ್, ಕೇಳಿದ ಮಾತಿದು. ವಾರ ಮುಗಿಯುತ್ತಾ ಬಂದರೂ ತಲೆಯಿಂದ ಇಳಿದಿಲ್ಲ. ಕಾಲ್‌ನಲ್ಲಿ ಪುಣೆಯವರಿದ್ದರು, ಚೆನ್ನೈನವರಿದ್ದರು. ಅಲ್ಲಿವರೆಗೆ ಎಲ್ಲಾ ಇಂಗ್ಲಿಷ್‌ನಲ್ಲೇ ನಡೆದಿತ್ತು. ಸರ್‌ಗೆ ಸಿಟ್ಟು ಬಂದಾಗ ಮಾತ್ರ ಊರ ಕನ್ನಡ ಹೊರಗೆ ಬರುತ್ತೆ. ಅವರು ಕುಕನೂರು ಕಡೆಯವರು. ನಾನು ಕೊಪ್ಪಳದ ಭಾಗ್ಯನಗರದಲ್ಲಿ ಮನೆಯಿಂದಲೇ ಕೆಲಸ ಮಾಡೋಳು. ಹಾಗಾಗಿ ಮಾತು ಯಾರಿಗೆ ಅಂತ ಎಲ್ಲರಿಗೂ ಗೊತ್ತಾಯಿತು, ಏನು ಅಂತ ನನಗೊಬ್ಬಳಿಗೆ ಗೊತ್ತಾಯಿತು. ಉಳಿದವರು ಮ್ಯೂಟ್ ಹಾಕಿಕೊಂಡು ಸುಮ್ನೆ ಕೂತರು.

ಆಗಿದ್ದು ಇಷ್ಟೇ. ಶನಿವಾರ ರಾತ್ರಿ ಹೊಸ ಕೋಡ್ ಬಿಡೋ ಒಂದು ರಿಲೀಸ್ ಇತ್ತು. ಕೋಡನ್ನು ಪರೀಕ್ಷಿಸಿ ಸರ್ವರ್‌ಗೆ ಹಾಕೋ ಪೈಪ್‌ಲೈನ್ ತಾನೇ ಓಡಿತು, ತಾನೇ ಚೇಂಜ್ ರಿಕ್ವೆಸ್ಟ್ (ಬದಲಾವಣೆಗೆ ಒಪ್ಪಿಗೆ ಕೇಳೋ ಟಿಕೆಟ್) ಹಾಕಿತು, ಒಪ್ಪಿಗೆ ಪಡೆಯಿತು, ಪ್ರೊಡಕ್ಷನ್‌ಗೆ, ಅಂದರೆ ಗ್ರಾಹಕರು ಬಳಸೋ ಸಿಸ್ಟಮ್‌ಗೆ, ಹೋಯಿತು, ಟಿಕೆಟ್ ಮುಚ್ಚಿತು. ಏನೂ ಕೆಡಲಿಲ್ಲ. ಗ್ರಾಹಕರ ಕಡೆಯಿಂದ ಒಂದು ಫೋನೂ ಬರಲಿಲ್ಲ. ಆದರೆ ಟಿಕೆಟ್ ತೆರೆದು ನೋಡಿದರೆ ಒಪ್ಪಿದವರ ಜಾಗದಲ್ಲಿ ಸರ್ ಹೆಸರಿದೆ, ಪಕ್ಕದಲ್ಲಿ 2:14 ಅಂತಿದೆ. ರಿಕ್ವೆಸ್ಟ್ ಹುಟ್ಟಿದ್ದೂ 2:14ಕ್ಕೇ. ಅಂದರೆ ಮಲಗಿದ್ದ ಮನುಷ್ಯ ಅದೇ ನಿಮಿಷದಲ್ಲಿ ಎದ್ದು, ಲಾಗಿನ್ ಆಗಿ, ಓದಿ, ಒಪ್ಪಿ, ಮತ್ತೆ ಮಲಗಿದ ಹಾಗೆ ದಾಖಲೆ!

ಹೆಸರು ಅಲ್ಲಿಗೆ ಬಂದದ್ದು ಪುಣೆಯ ಹುಡುಗನಿಂದ. ಚುರುಕು ಹುಡುಗ, ಕೆಲಸದಲ್ಲಿ ಒಳ್ಳೆಯವನು. ಫಾರ್ಮ್‌ನಲ್ಲಿ ಖಾಲಿ ಜಾಗ ಕಂಡರೆ ಮಾತ್ರ ಅವನಿಗೆ ತಡೆಯೋಕಾಗಲ್ಲ. 'ಸಿಸ್ಟಮ್ ಒಪ್ಪಿದೆ' ಅಂತ ಬರೆದರೆ ಆಡಿಟ್‌ನವರು ನೂರು ಪ್ರಶ್ನೆ ಕೇಳ್ತಾರೆ, ಮನುಷ್ಯರ ಹೆಸರಿದ್ದರೆ ಕೇಳಲ್ಲ ಅಂತ ಅವನ ಲೆಕ್ಕ. ಚೇಂಜ್‌ಗಳಿಗೆಲ್ಲಾ ಒಪ್ಪಿಗೆ ಕೊಡೋರು ಹೇಗೂ ಸರ್ ತಾನೆ, ಹಾಕಿಬಿಟ್ಟ. ಅವನ ಲೆಕ್ಕ ತಪ್ಪು ಅಂತ ಹೇಳೋಕೂ ಆಗಲ್ಲ. ಆಡಿಟ್‌ನವರು ನಿಜವಾಗಿಯೂ ಹಾಗೇ ಇರ್ತಾರೆ.

ಮೊದಲಿನ ಪದ್ಧತಿ ನೋಡಿದವರಿಗೆ ಈ ಆಟೊಮೇಷನ್ ಯಾಕೆ ಬೇಕಾಯಿತು ಅಂತ ಹೇಳಬೇಕಾಗಿಲ್ಲ. ಒಂದು ಸಣ್ಣ ಬದಲಾವಣೆಗೂ ಸರ್ವಿಸ್‌ನೌ ಅನ್ನೋ ಟಿಕೆಟ್ ಸಾಫ್ಟ್‌ವೇರ್‌ನಲ್ಲಿ ಕೂತು ಫಾರ್ಮ್ ತುಂಬಬೇಕು. ಯಾಕೆ ಬದಲಾವಣೆ, ಯಾವ ಸರ್ವರ್, ರಿಸ್ಕ್ ಎಷ್ಟು, ಪರೀಕ್ಷೆ ಮಾಡಿದ್ದೀರಾ, ಕೆಟ್ಟರೆ ವಾಪಸ್ ಹೋಗೋದು ಹೇಗೆ. ಎಲ್ಲರೂ ಹಳೇ ಟಿಕೆಟ್ ತೆರೆದು ಕಾಪಿ ಹೊಡೀತಿದ್ದರು. ಒಮ್ಮೆ ಒಬ್ಬರ ಟಿಕೆಟ್‌ನಲ್ಲಿ ಹಿಂದಿನ ವರ್ಷದ ದೀಪಾವಳಿ ಆಫರ್‌ನ ವಿವರ ಹಾಗೇ ಉಳಿದಿತ್ತು. ಅದಕ್ಕೂ ಒಪ್ಪಿಗೆ ಸಿಕ್ಕಿತ್ತು. ಆಮೇಲೆ ಈ ಟಿಕೆಟ್‌ಗಳಿಗೆ ಒಪ್ಪಿಗೆ ಕೊಡೋಕೆ ಸರ್ ನಡೆಸೋ ವಾರದ ಸಭೆ. ದೊಡ್ಡ ಪಟ್ಟಿ, ಸ್ವಲ್ಪ ಹೊತ್ತು. ಒಂದು ಬದಲಾವಣೆಗೆ ಒಂದು ನಿಮಿಷ ಸಿಕ್ಕರೆ ಪುಣ್ಯ.

ಸರ್ ಬಗ್ಗೆ ಹುಡುಗರು ಹಿಂದಿನಿಂದ ಏನೇನೋ ಅಂತಾರೆ. ಅವರು ಕೇಳೋ ಪ್ರಶ್ನೆಗಳಲ್ಲಿ ಅರ್ಧ ಕೆಲಸಕ್ಕೆ ಬಾರದವು. ಬೇಜಾರಾದರೂ ಹೇಳಿಬಿಡ್ತೀನಿ. ಆದರೆ ವಾಪಸ್ ಹೋಗೋ ದಾರಿ ಏನು ಅಂತ ಅವರು ಕೇಳೋದು ಮಾತ್ರ ಯಾವತ್ತೂ ಸುಮ್ನೆ ಅಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತಲ್ಲ, ಆ ವಾರದ ಸಭೆ ನನಗೆ ಚೆನ್ನಾಗಿ ನೆನಪಿದೆ. ಹೊಲಕ್ಕೆ ನೀರು ಬರುತ್ತೋ ಇಲ್ಲವೋ ಅಂತ ನಮ್ಮ ಕಡೆ ಜನ ನಿದ್ದೆಗೆಟ್ಟಿದ್ದರು. ಇದ್ದ 33 ಗೇಟಿನಲ್ಲಿ ಒಂದು ಹೋಯಿತು, ನೀರು ತಡೆಯೋಕೆ ಅದರ ಜಾಗಕ್ಕೆ ಇಳಿಸೋ ತಾತ್ಕಾಲಿಕ ತಡೆ, ಅಂದರೆ ಸ್ಟಾಪ್‌ಲಾಗ್, ಸಿದ್ಧ ಇರಲಿಲ್ಲ, ಹೊಸದಾಗಿ ಮಾಡಿಸಬೇಕಾಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಬಂದು ಹರಿಯೋ ನೀರಿನಲ್ಲೇ ಅದನ್ನು ಇಳಿಸೋವರೆಗೆ ಎಲ್ಲರ ಜೀವ ಬಾಯಿಗೆ ಬಂದಿತ್ತು. ಆ ವಾರ ಸರ್ ಎಲ್ಲರ ಟಿಕೆಟ್‌ಗೂ ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಸ್ಟಾಪ್‌ಲಾಗ್ ಎಲ್ಲೈತಿ?" ಚೆನ್ನೈನವರಿಗೆ ಅದೇನು ಅಂತ ನಾನೇ ಬಿಡಿಸಿ ಹೇಳಬೇಕಾಯಿತು.

ಈಗ ಹೊಸ ಪದ್ಧತಿ. ಪೈಪ್‌ಲೈನ್ ಪ್ರೊಡಕ್ಷನ್ ಹಂತದ ಹೊಸ್ತಿಲಿಗೆ ಬಂದು ನಿಲ್ಲುತ್ತೆ. ಅಲ್ಲಿಂದಲೇ ಚೇಂಜ್ ರಿಕ್ವೆಸ್ಟ್ ಹುಟ್ಟುತ್ತೆ. ಯಾವ ಕಮಿಟ್‌ಗಳು (ಕೋಡ್‌ನ ಬದಲಾವಣೆಗಳು) ಹೋಗ್ತಿವೆ, ಬರೆದವರು ಯಾರು, ರಿವ್ಯೂ ಮಾಡಿದವರು ಯಾರು, ಇಬ್ಬರೂ ಬೇರೆ ಬೇರೆಯವರೇನಾ, ಟೆಸ್ಟ್‌ಗಳು ಪಾಸಾದವಾ, ಸೆಕ್ಯುರಿಟಿ ಸ್ಕ್ಯಾನ್ ಏನು ಹೇಳ್ತು, ಎಲ್ಲಾ ಅದರಲ್ಲೇ ಬಂದು ಕೂರುತ್ತೆ. ಕೈಯಿಂದ ಒಂದಕ್ಷರ ಬರೆಯೋ ಹಾಗಿಲ್ಲ. ಆಮೇಲೆ ನಿಯಮಗಳು ಇದನ್ನೆಲ್ಲಾ ನೋಡ್ತವೆ. ಫ್ರೀಜ್, ಅಂದರೆ ಯಾವ ಬದಲಾವಣೆಯೂ ಬೇಡ ಅಂತ ಇರೋ ದಿನ ಅಲ್ಲ ತಾನೆ? ಅದೇ ಹೊತ್ತಿಗೆ ಅದೇ ಸರ್ವಿಸ್ ಮೇಲೆ ಇನ್ನೊಬ್ಬರು ಕೈ ಇಟ್ಟಿಲ್ಲ ತಾನೆ? ಎಲ್ಲಾ ಸರಿ ಇದ್ದರೆ ಒಪ್ಪಿಗೆ, ಪೈಪ್‌ಲೈನ್ ಮುಂದೆ ಹೋಗುತ್ತೆ. ಒಂದು ತಪ್ಪಿದರೂ ಮನುಷ್ಯರ ಹತ್ತಿರ ಬರುತ್ತೆ. ಕೋಡ್ ಸರ್ವರ್‌ಗೆ ಹೋದ ಮೇಲೆ ಶುರುವಾದ ಹೊತ್ತು, ಮುಗಿದ ಹೊತ್ತು, ಫಲಿತಾಂಶ ತುಂಬಿ ಟಿಕೆಟ್ ತಾನೇ ಮುಚ್ಚುತ್ತೆ.

ಇದರಲ್ಲಿ ಕಷ್ಟದ ಕೆಲಸ ಕೋಡ್ ಅಲ್ಲವೇ ಅಲ್ಲ. ಹೆಸರು ಹೊಂದಿಸೋದು. ನಮ್ಮ ಕೋಡ್ ಇಡೋ ರೆಪೊಸಿಟರಿಯಲ್ಲಿ ಒಂದು ಸರ್ವಿಸ್‌ಗೆ ಒಂದು ಹೆಸರು, ಸರ್ವಿಸ್‌ನೌ ಪಟ್ಟಿಯಲ್ಲಿ ಅದೇ ಸರ್ವಿಸ್‌ಗೆ ಇನ್ನೊಂದು. ಅದರ ಮಾಲೀಕರು ಅಂತ ಇರೋ ವ್ಯಕ್ತಿ ಕಂಪನಿ ಬಿಟ್ಟು ಎಷ್ಟೋ ಕಾಲ ಆಗಿದೆ. ಇದನ್ನು ಸರಿ ಮಾಡಿಸೋಕೆ ಯಾರ್ಯಾರ ಕಾಲು ಹಿಡಿಯಬೇಕಾಯಿತೋ ಅದೇ ಒಂದು ದೊಡ್ಡ ಕಥೆ, ಇಲ್ಲಿ ಬೇಡ.

ನನ್ನ ಪಕ್ಷ ಯಾವುದು ಅಂತ ನಿಮಗೆ ಈಗಾಗಲೇ ಗೊತ್ತಾಗಿರುತ್ತೆ. ಮಷಿನ್ ಬರೆದ ಟಿಕೆಟ್ ಸುಳ್ಳು ಹೇಳಲ್ಲ. ನಾವು ಬರೆದಾಗ 'ಪರೀಕ್ಷೆ ಮಾಡಲಾಗಿದೆ' ಅಂತ ಬರೀತಿದ್ದೆವು. ಮಷಿನ್ ಆದರೆ ಯಾವ ಪರೀಕ್ಷೆಯ ಯಾವ ಫಲಿತಾಂಶ ಅಂತ ತಂದು ಇಡುತ್ತೆ. ಸಾಫ್ಟ್‌ವೇರ್ ತಂಡಗಳ ಬಗ್ಗೆ ನಿಕೋಲ್ ಫೋರ್ಸ್‌ಗ್ರೆನ್, ಜೆಜ್ ಹಂಬಲ್, ಜೀನ್ ಕಿಮ್ 2018ರಲ್ಲಿ ಪ್ರಕಟಿಸಿದ ಸಂಶೋಧನೆಯೂ ನನ್ನ ಪಕ್ಷಕ್ಕೇ ಬರುತ್ತೆ. ತಂಡದ ಹೊರಗಿನ ಮ್ಯಾನೇಜರ್ ಅಥವಾ ಸಮಿತಿ ಒಪ್ಪಬೇಕು ಅಂತ ಇರೋ ಕಡೆ ಕೆಲಸ ನಿಧಾನ ಆಗುತ್ತೆ, ಕೆಟ್ಟದ್ದನ್ನು ಸರಿ ಮಾಡೋದೂ ನಿಧಾನ. ಆದರೆ ಕೆಡೋದು ಅದರಿಂದ ಕಡಿಮೆ ಆಗಲ್ಲ. ಇದನ್ನು ನಾನು ಸರ್‌ಗೆ ಮೇಲ್‌ನಲ್ಲೂ ಕಳಿಸಿದ್ದೆ. ಉತ್ತರ ಬಂದಿರಲಿಲ್ಲ.

ಬುಧವಾರ ಅವರೇ ಫೋನ್ ಮಾಡಿದರು. ಸಂಬಂಧಿಕರ ಮದುವೆಗೆ ಊರಿಗೆ ಬಂದಿದ್ದರಂತೆ. ಕೊಪ್ಪಳ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಬಾ ಅಂದರು. ಒಗ್ಗರಣಿ ಮಿರ್ಚಿ ಬಂತು. ಸ್ಕ್ರೀನ್ ಮೇಲೆ ಅಷ್ಟು ಬಿಗಿ ಕಾಣೋ ಮನುಷ್ಯ, ಎದುರಿಗೆ ಕೂತು ಮಿರ್ಚಿ ಮುರಿದು ಮಂಡಕ್ಕಿ ಜೊತೆ ಕಲಸೋದು ನೋಡಿ ನನಗೆ ನಗು ಬಂತು. ಅವರಿಗೆ ನಗು ಬರಲಿಲ್ಲ.

"ಸಿಟ್ಟು ನಿನ್ನ ಮ್ಯಾಲೆ ಅಲ್ಲವಾ," ಅಂದರು. "ನಮ್ಮಪ್ಪ ಲೈನ್‌ಮನ್ ಇದ್ದ. ಎಲ್‌ಸಿ ಗೊತ್ತಲ್ಲ ನಿನಗ?"

ಗೊತ್ತು. ಲೈನ್ ಕ್ಲಿಯರ್. ಕಂಬ ಹತ್ತೋ ಮುಂಚೆ ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಕೇಳಬೇಕು. ಅಲ್ಲಿ ಕೂತವರು ಲೈನ್ ಬಂದ್ ಮಾಡಿ, ರಿಜಿಸ್ಟರ್‌ನಲ್ಲಿ ಬರೆದು, ಕೊಟ್ಟೆ ಅಂತ ಹೇಳಬೇಕು. ಕೆಲಸ ಮುಗಿದ ಮೇಲೆ ತಗೊಂಡವರೇ ವಾಪಸ್ ಕೊಡಬೇಕು, ಆಮೇಲೇ ಕರೆಂಟ್ ಬಿಡೋದು.

"ಕಂಬದ ಮ್ಯಾಲೆ ಇರೋನು ನಮ್ಮಪ್ಪ. ಕೆಳಗ ಸ್ವಿಚ್ ಹತ್ರ ಇರೋನು ಯಾರೋ. ಆ ಯಾರೋ ಯಾರು ಅಂತ ನಮ್ಮವ್ವಗೂ ಗೊತ್ತಿರ್ತಿತ್ತು. ಹೆಸರು ಹೇಳಿ ಬೈತಿದ್ಲು, ಹೆಸರು ಹೇಳಿ ಹರಸ್ತಿದ್ಲು. ನಾನು ಅಷ್ಟು ವರ್ಷ ಆ ಸಭೆ ನಡೆಸಿದ್ದು ಎಲ್ಲಾ ಓದಿ ಅಲ್ಲ. ಅಷ್ಟು ಓದಾಕ ಆಗಂಗಿಲ್ಲ ಅಂತ ನನಗೂ ಗೊತ್ತು. ಕೆಟ್ಟರ ನನ್ನ ಕೇಳ್ರಿ ಅಂತ ಹೇಳಾಕ ಒಬ್ಬ ಇರ್ಲಿ ಅಂತ."

ನಾನು ವಾದ ಮಾಡಿದೆ. ಅಮೆರಿಕದ ಷೇರು ವಹಿವಾಟು ಕಂಪನಿ ನೈಟ್ ಕ್ಯಾಪಿಟಲ್‌ನ 2012ರ ಕಥೆ ಹೇಳಿದೆ. ಎಂಟು ಸರ್ವರ್‌ಗೆ ಹೊಸ ಕೋಡ್ ಹಾಕಬೇಕಿತ್ತು, ಏಳಕ್ಕೆ ಹಾಕಿದರು, ಒಂದು ಮರೆತರು. ಆಗಸ್ಟ್ 1ರ ಬೆಳಿಗ್ಗೆ ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್ ಹೋಯಿತು. ಮಷಿನ್ ಹಾಕಿದ್ದರೆ, ಮಷಿನ್ ಎಣಿಸಿದ್ದರೆ ಎಂಟನೆಯದು ಮರೆಯುತ್ತಿತ್ತಾ ಸರ್?

ಅವರು ಮಿರ್ಚಿ ತಟ್ಟೆ ಪಕ್ಕಕ್ಕಿಟ್ಟರು. "2024ರ ಜುಲೈನಾಗ ಕ್ರೌಡ್‌ಸ್ಟ್ರೈಕ್‌ದು ಏನಾತು? 85 ಲಕ್ಷ ಕಂಪ್ಯೂಟರ್ ನೀಲಿ ಪರದೆ ತೋರಿಸಿದ್ವು. ಅಲ್ಲಿ ಚೆಕ್ ಮಾಡೋ ಮಷಿನ್ ಇರ್ಲಿಲ್ಲೇನು? ಇತ್ತು. ಅದು ಪಾಸ್ ಮಾಡ್ತು."

ನಿಜ. ಕ್ರೌಡ್‌ಸ್ಟ್ರೈಕ್ ಕಂಪ್ಯೂಟರ್‌ಗಳಿಗೆ ರಕ್ಷಣೆ ಕೊಡೋ ಸಾಫ್ಟ್‌ವೇರ್ ಕಂಪನಿ. ಅದು ಕಳಿಸಿದ ಅಪ್‌ಡೇಟ್ ಪರೀಕ್ಷಿಸೋ ಸಾಫ್ಟ್‌ವೇರ್‌ನಲ್ಲೇ ದೋಷ ಇತ್ತು ಅಂತ ಕಂಪನಿಯೇ ಆಮೇಲೆ ಹೇಳಿತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಚಹಾ ಹೇಳಿದೆ.

ಅಲ್ಲಿಂದ ಮನೆಗೆ ಬರುವಾಗ ಇನ್ನೊಂದು ನೆನಪಾಯಿತು. ನಮ್ಮ ಚಿಕ್ಕಪ್ಪ ಹೋದ ತಿಂಗಳು ಒಂದು ಸಾಲದ ಅರ್ಜಿ ಹಿಡಿದು ಕೌಂಟರ್‌ಗೆ ಅಲೆದಿದ್ದರು. ಕಾಗದ ಎಲ್ಲಾ ಸರಿ ಇತ್ತು. ಕೌಂಟರ್‌ನಲ್ಲಿದ್ದ ಹುಡುಗಿ ಪಾಪ, ಒಳ್ಳೆಯವಳೇ. "ಸಿಸ್ಟಮ್ ತಗೋವಲ್ದು ಕಾಕಾ" ಅಂದಳಂತೆ. ಯಾಕೆ ಅಂದರೆ ಗೊತ್ತಿಲ್ಲ. ಯಾರನ್ನು ಕೇಳಬೇಕು ಅಂದರೂ ಗೊತ್ತಿಲ್ಲ. ರೇಷನ್ ಅಂಗಡಿಯಲ್ಲಿ ಬೆರಳು ಹತ್ತದಿದ್ದರೂ ಅದೇ ಮಾತು, ಪಿಂಚಣಿ ನಿಂತರೂ ಅದೇ ಮಾತು. ಮೊದಲು ಬೇಡ ಅನ್ನೋಕೆ ಒಬ್ಬ ಸಾಹೇಬ ಇರ್ತಿದ್ದ. ಅವನು ಲಂಚ ತಗೋತಿದ್ದ, ಜಾತಿ ನೋಡ್ತಿದ್ದ, ಅದನ್ನು ಒಳ್ಳೇ ಕಾಲ ಅಂತ ನಾನು ಯಾವತ್ತೂ ಅನ್ನಲ್ಲ. ಆದರೆ ಅವನ ಟೇಬಲ್ ಮುಂದೆ ನಿಂತು ಜಗಳ ಆಡಬಹುದಿತ್ತು. ಈಗ ಎಲ್ಲರೂ ಕಂಪ್ಯೂಟರ್ ಕಡೆ ಕೈ ತೋರಿಸ್ತಾರೆ. ಆ ಕಂಪ್ಯೂಟರ್ ಒಳಗೆ 'ಹೀಗಿದ್ದರೆ ಬೇಡ ಅನ್ನು' ಅಂತ ಒಂದು ಸಾಲು ಬರೆದವರು, ಅದಕ್ಕೆ ಸರಿ ಅಂದವರು ಎಲ್ಲೋ ಇದ್ದೇ ಇರ್ತಾರೆ, ಅಲ್ವಾ? ಅವರೂ ನನ್ನ ಹಾಗೇ ಎಲ್ಲೋ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರ್ತಾರೆ. ಚಿಕ್ಕಪ್ಪನಿಗೆ ಅವರ ಹೆಸರು ಗೊತ್ತಾಗೋ ದಾರಿ ಇಲ್ಲ, ಅಷ್ಟೇ. ಸಾಲು ಬರೆಯೋ ಕೆಲಸದಲ್ಲಿ ಇಷ್ಟು ವರ್ಷ ಇದ್ದೂ ನಾನು ಇದನ್ನು ಕೌಂಟರ್‌ನ ಹೊರಗೆ ನಿಂತವರ ಕಡೆಯಿಂದ ಯೋಚಿಸಿದ್ದು ಈ ವಾರವೇ.

ಹಾಗಂತ ಹಳೇ ಸಭೆಗೆ ವಾಪಸ್ ಹೋಗೋಣ ಅಂತ ನಾನು ಹೇಳಲ್ಲ. ಕಾಪಿ ಹೊಡೆದ ಟಿಕೆಟ್‌ಗೆ ಓದದೆ ಒಪ್ಪಿಗೆ ಕೊಡೋದೂ ಮಲಗಿಕೊಂಡು ಒಪ್ಪಿದ ಹಾಗೇ, ಕಣ್ಣು ತೆರೆದಿರುತ್ತೆ ಅಷ್ಟೇ. ಇದನ್ನು ಸರ್ ಎದುರಿಗೂ ಅಂದೆ. ಒಪ್ಪಿಕೊಂಡರು, ಸ್ವಲ್ಪ ಬೇಸರದಿಂದ.

ಗುರುವಾರ ಪುಣೆಯ ಹುಡುಗನನ್ನು ಕೂರಿಸಿಕೊಂಡು ಬದಲಾಯಿಸಿದೆವು. ಈಗ ಒಪ್ಪಿದವರ ಜಾಗದಲ್ಲಿ ಸರ್ ಹೆಸರು ಬರಲ್ಲ. ಯಾವ ನಿಯಮ, ಅದರ ಎಷ್ಟನೇ ವರ್ಷನ್ ಒಪ್ಪಿತು ಅಂತ ಬರುತ್ತೆ. ಆ ನಿಯಮ ತೆರೆದರೆ ಅದನ್ನು ಬರೆದವರ ಹೆಸರು, ಹಗಲಲ್ಲಿ ಎಚ್ಚರ ಇದ್ದು ಓದಿ ಒಪ್ಪಿದವರ ಹೆಸರು, ತಾರೀಖು ಇರುತ್ತೆ. ನಿಯಮದಲ್ಲಿ ಒಂದಕ್ಷರ ಬದಲಾದರೂ ಅದಕ್ಕೇ ಬೇರೆ ಚೇಂಜ್ ರಿಕ್ವೆಸ್ಟ್ ಹಾಕಿ, ಮನುಷ್ಯರೇ ಒಪ್ಪಬೇಕು. ಅದಕ್ಕೆ ಆಟೊಮ್ಯಾಟಿಕ್ ದಾರಿ ಇಟ್ಟಿಲ್ಲ. ಹುಡುಗ ಗೊಣಗಿದ. ಇದರಿಂದ ಆಡಿಟ್‌ನಲ್ಲಿ ಎಷ್ಟು ಪ್ರಶ್ನೆ ಬರ್ತವೆ ನೋಡ್ತಾ ಇರಿ ಅಂದ. ಬರಲಿ ಬಿಡು ಅಂದೆ.

ಸರ್‌ಗೆ ಕಳಿಸಿದೆ. ಸಂಜೆ ಒಂದು ಪ್ರಶ್ನೆ ಬರೆದು ವಾಪಸ್ ಕಳಿಸಿದರು. ನಿಯಮವೇ ತಪ್ಪು ಅಂತ ರಾತ್ರಿ ಎರಡಕ್ಕೆ ಗೊತ್ತಾದರೆ ಅದನ್ನು ಬಂದ್ ಮಾಡೋರು ಯಾರು, ಅವರ ಫೋನ್ ನಂಬರ್ ಎಲ್ಲಿ? ಆನ್‌ಕಾಲ್ ಪಟ್ಟಿಯ, ಅಂದರೆ ಯಾವ ಹೊತ್ತಲ್ಲಿ ಕರೆ ಬಂದರೂ ಎತ್ತಬೇಕಾದವರ ಪಟ್ಟಿಯ, ಕೊಂಡಿ ಹಾಕಿದೆ. ಪಟ್ಟಿ ಬೇಡ, ಹೆಸರು ಬೇಕು ಅಂದರು. ನನ್ನ ಹೆಸರು ಹಾಕಿದೆ. "ಸರ್ ಮಾರ್ಚ್‌ಗೆ ರಿಟೈರ್ ಆಗ್ತಾರಲ್ಲ, ಆಮೇಲೆ ಒಪ್ಪಿದವರು ಅಂತ ಯಾರ ಹೆಸರು ಇಡೋದು?" ಅಂತ ಪುಣೆಯ ಹುಡುಗ ಚಾಟ್‌ನಲ್ಲಿ ಕೇಳಿದ್ದಾನೆ. ಅವನದೇ ಇಡೋಣ ಅಂತ ನನ್ನ ಯೋಚನೆ. ಅವನಿಗೆ ಇನ್ನೂ ಹೇಳಿಲ್ಲ.