ಇವರನ್ನು ನಗಿಸಬೇಡಿ

ತೀರಿಹೋದವರನ್ನು ಮದುವೆಯ ಗುಂಪು ಚಿತ್ರದಲ್ಲಿ ಸೇರಿಸಿಕೊಡಬೇಕೆಂದು ಕೇಳಿಕೊಂಡು ಬರುವವರು ನನ್ನ ವೃತ್ತಿಯವರಿಗೆ ಹೊಸಬರಲ್ಲ. ಇಂಥ ಕೆಲಸವನ್ನು ನಾನು ಒಲ್ಲದ ಮನಸ್ಸಿನಿಂದಲೇ ಒಪ್ಪಿಕೊಳ್ಳುತ್ತಿದ್ದೆ. ಆ ದಿನ ಅಲ್ಲಿ ಇರದಿದ್ದವರನ್ನು ಇದ್ದಂತೆ ತೋರಿಸುವುದು ಛಾಯಾಗ್ರಾಹಕರು ಮಾಡತಕ್ಕ ಕೆಲಸವಲ್ಲ ಎಂಬ ಸಣ್ಣ ಜಂಬ ಅದರ ಹಿಂದಿತ್ತು. ಈ ವಾರ ಅಂಥದೇ ಒಂದು ಚಿತ್ರವನ್ನು ಸಿದ್ಧಪಡಿಸಿ ಪರದೆಯ ಮೇಲೆ ತೋರಿಸಿದೆ. ಮಗಳ ಮದುವೆಯ ಚಿತ್ರದಲ್ಲಿ ತಮ್ಮ ಪಕ್ಕ ನಿಂತಿದ್ದ ಗಂಡನ ಮುಖವನ್ನು ಬಹಳ ಹೊತ್ತು ನೋಡಿದ ಆ ಹೆಂಗಸು, “ಇವರನ್ನ ನಗಿಸಬೇಡಿ ಮೇಡಂ. ಮದುವೆ ಮನೇಲಿ ಇವರು ಯಾವತ್ತೂ ನಕ್ಕವರಲ್ಲ” ಎಂದರು. ಅವರ ದನಿಯಲ್ಲಿ ಅಳುವಿರಲಿಲ್ಲ. ದರ್ಜಿಗೆ ತೋಳಿನ ಅಳತೆ ತಿದ್ದಿ ಹೇಳುವವರ ಹಾಗೆ ಹೇಳಿದರು.

ಆ ಚಿತ್ರಕ್ಕಾಗಿ ನಾನು ಪಟ್ಟ ಪಾಡು ಸಣ್ಣದಲ್ಲ. ಅವರು ತಂದುಕೊಟ್ಟದ್ದರಲ್ಲಿ ಹೆಚ್ಚಿನವು ಮೊಬೈಲಿನ ಸೆಲ್ಫಿಗಳು. ಕೈ ಚಾಚಿದಷ್ಟು ಸಮೀಪದಿಂದ ತೆಗೆದ ಮುಖದಲ್ಲಿ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ಹಲವು ಮೀಟರ್ ದೂರದಿಂದ ತೆಗೆದ ಗುಂಪಿನಲ್ಲಿ ಅಂಥ ಮುಖವನ್ನು ಎಷ್ಟು ಚಿಕ್ಕದು ಮಾಡಿ ಕೂರಿಸಿದರೂ ಅದು ಬೇರೆ ಲೋಕದ್ದೆಂದು ಯಾರಿಗಾದರೂ ತಿಳಿಯುತ್ತದೆ. ಕೊನೆಗೆ ಯಾರೋ ದೂರದಿಂದ ತೆಗೆದಿದ್ದ, ಅವರ ಗಂಡ ನಗುತ್ತಾ ನಿಂತಿದ್ದ ಒಂದು ಚಿತ್ರ ಸಿಕ್ಕಿತು. ಆದರೆ ಅದರಲ್ಲಿ ಬೆಳಕು ಬಲಗಡೆಯ ಕಿಟಕಿಯಿಂದ ಬಂದಿತ್ತು, ಮದುವೆಯ ಚಿತ್ರದಲ್ಲಿ ಎಡಗಡೆಯ ಫ್ಲ್ಯಾಶ್ ಜೋರಾಗಿತ್ತು. ಚಿತ್ರವನ್ನು ಅಡ್ಡಡ್ಡ ತಿರುಗಿಸಿದರೆ ಬೆಳಕೇನೋ ಹೊಂದುತ್ತದೆ, ಆದರೆ ಬೈತಲೆ ಆಚೆಗೆ ಹೋಗುತ್ತದೆ, ಎಡಗಡೆಯ ಜೇಬು ಬಲಕ್ಕೆ ಬರುತ್ತದೆ, ಮನೆಯವರಿಗೆ ಏನೋ ಸರಿಯಿಲ್ಲ ಎನ್ನಿಸುತ್ತದೆ. ಹಾಗಾಗಿ ತಿರುಗಿಸದೆಯೇ ಕೆನ್ನೆಯ ನೆರಳನ್ನು ಬೆಳಗಿಸಿ, ಕಣ್ಣಿನಲ್ಲಿ ಕಿಟಕಿಯ ಹೊಳಪನ್ನು ಅಳಿಸಿ ಫ್ಲ್ಯಾಶಿನ ಹೊಳಪು ಇಟ್ಟು, ಎರಡು ಚಿತ್ರಗಳ ನಾಯ್ಸನ್ನು, ಅಂದರೆ ಮರಳಿನಂತೆ ಕಾಣುವ ಸಣ್ಣ ಚುಕ್ಕೆಗಳನ್ನು, ಒಂದೇ ಮಟ್ಟಕ್ಕೆ ತಂದು, ಕಾಲ ಬುಡದಲ್ಲಿ ನೆರಳು ಬಿಡಿಸಿದ್ದೆ. ಇದರಲ್ಲಿ ಒಂದನ್ನೂ ಅವರು ಗಮನಿಸಲಿಲ್ಲ. ಗಮನಿಸದಿರುವುದೇ ಈ ಕೆಲಸದ ಗೆಲುವು. ಅವರು ಗಮನಿಸಿದ್ದು, ನಾನು ಪ್ರಶ್ನಿಸದೆ ಒಪ್ಪಿಕೊಂಡಿದ್ದ ಒಂದೇ ಸಂಗತಿಯನ್ನು.

ಜೊತೆಯಲ್ಲಿ ಬಂದಿದ್ದ ಅವರ ಭಾವನವರಿಗೆ ಈ ಮಾತು ಹಿಡಿಸಲಿಲ್ಲ. “ಶುಭ ಸಮಾರಂಭದ ಫೋಟೋದಲ್ಲಿ ಮುಖ ಗಂಟಿಕ್ಕಿಸಿ ನಿಲ್ಲಿಸ್ತಾರೇನಮ್ಮಾ? ನಗಲಿ ಬಿಡು” ಎಂದರು. ಪ್ರತಿ ಮದುವೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಗುಂಪು ಚಿತ್ರ ತೆಗೆಯುವಾಗ ನನ್ನ ಬೆನ್ನ ಹಿಂದೆಯೇ ನಿಂತು ‘ನಗಿ, ನಗಿ’ ಎಂದು ಕೂಗಿ, ಎಲ್ಲರ ಕಣ್ಣೂ ಲೆನ್ಸಿನ ಬದಲು ತಮ್ಮ ಕಡೆ ತಿರುಗುವಂತೆ ಮಾಡುವವರು. ಮೌಸನ್ನು ಎಲ್ಲಿ ಒತ್ತಬೇಕೆಂದೂ ಅವರು ನನಗೆ ಹೇಳಿಕೊಡುತ್ತಿದ್ದರು. ಆ ಹೆಂಗಸು ಅವರ ಮಾತಿಗೆ ಎದುರಾಡಲಿಲ್ಲ. ನನ್ನ ಕಡೆ ತಿರುಗಿ, ಅದೇ ದನಿಯಲ್ಲಿ, “ನಗಿಸಬೇಡಿ” ಎಂದು ಇನ್ನೊಮ್ಮೆ ಹೇಳಿದರು, ಅಷ್ಟೆ.

ನಗುವ ಮುಖದ ನಗು ತೆಗೆಯುವುದು ತುಟಿಯ ಅಂಚನ್ನು ಕೆಳಗೆಳೆದಷ್ಟು ಸುಲಭವಲ್ಲ. 1862ರಲ್ಲಿ ಫ್ರೆಂಚ್ ವೈದ್ಯ ದುಶೆನ್ ಮುಖದ ಸ್ನಾಯುಗಳಿಗೆ ವಿದ್ಯುತ್ ಹಾಯಿಸಿ ತೆಗೆಸಿದ ಚಿತ್ರಗಳನ್ನು ಪ್ರಕಟಿಸಿದಾಗಲೇ ತೋರಿಸಿದ್ದು ಇದನ್ನು: ನಿಜವಾದ ನಗುವಿನಲ್ಲಿ ಬಾಯಿಯ ಜೊತೆಗೆ ಕಣ್ಣಿನ ಸುತ್ತಲಿನ ಸ್ನಾಯುವೂ ಕೆಲಸ ಮಾಡುತ್ತದೆ. ಬಾಯಿಯನ್ನು ಮಾತ್ರ ತಿದ್ದಿದರೆ ಕಣ್ಣು ನಗುತ್ತಲೇ ಇರುತ್ತದೆ, ಆಗ ಮನುಷ್ಯ ಏನನ್ನೋ ಬಚ್ಚಿಟ್ಟವನಂತೆ ಕಾಣುತ್ತಾನೆ. ಆದ್ದರಿಂದ ನನಗೆ ಇನ್ನೊಂದು ಮುಖ ಬೇಕಾಯಿತು, ಕ್ಯಾಮೆರಾಕ್ಕಾಗಿ ಸಿದ್ಧವಾಗದ ಮುಖ. ಅವರ ಇಡೀ ಮನೆಯಲ್ಲಿ ಅಂಥದ್ದು ಹುಡುಕಿದರೂ ಸಿಗುವುದು ಕಷ್ಟವಾಯಿತು.

ಈ ಕಷ್ಟ ನನಗೆ ಗೊತ್ತಿದ್ದದ್ದೇ. ಈ ವರ್ಷದ ಆರಂಭದಲ್ಲಿ ನನ್ನ ಅಪ್ಪ ತೀರಿಕೊಂಡರು. ಮದುವೆಯ ದಿನಗಳನ್ನು ಜನ ತಿಂಗಳುಗಳ ಮೊದಲೇ ಗೊತ್ತುಮಾಡಿಕೊಂಡಿರುತ್ತಾರಾದ್ದರಿಂದ ನನ್ನ ದುಃಖಕ್ಕಾಗಿ ಯಾರ ಮದುವೆಯೂ ಮುಂದೆ ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಮಗಳನ್ನು ಕಳಿಸಿಕೊಡುವ ಗಳಿಗೆಯಲ್ಲಿ ಬೇರೆಯವರ ಅಪ್ಪಂದಿರ ಮುಖವನ್ನು ಲೆನ್ಸಿನಲ್ಲಿ ಇಡೀ ವರ್ಷ ನೋಡಿದೆ. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಫೋಕಸ್ ಸರಿಮಾಡುವುದರಲ್ಲೇ ಮನಸ್ಸು ಮುಳುಗಿರುತ್ತಿತ್ತು. ಈಗಿನ ಕ್ಯಾಮೆರಾಗಳು ಕಣ್ಣನ್ನು ತಾವೇ ಹುಡುಕಿ ಹಿಡಿಯುತ್ತವೆ, ಹಿಡಿದವಳಿಗೆ ಯೋಚಿಸಲು ಬಿಡುವು ಕೊಡುತ್ತವೆ. ಆ ಬಿಡುವು ನನಗೆ ಬೇಕಿರಲಿಲ್ಲ. ರಾತ್ರಿ ಚಿತ್ರಗಳನ್ನು ಆರಿಸಲು ಕೂತರೆ ಕೈ ತನ್ನ ಅಭ್ಯಾಸದಂತೆ ನಡೆಯುತ್ತಿತ್ತು: ನಕ್ಕದ್ದು ಇರಲಿ, ಕಣ್ಣು ಮುಚ್ಚಿದ್ದು ಹೋಗಲಿ, ಬೇಸರಗೊಂಡದ್ದು ಹೋಗಲಿ, ಏನೂ ಮಾಡದೆ ಸುಮ್ಮನಿದ್ದದ್ದೂ ಹೋಗಲಿ. ಗಿರಾಕಿಗಳು ಕೇಳುವುದು ಅದನ್ನೇ. ಆದರೆ ಹೀಗೆ ಪ್ರತಿಯೊಂದು ಮನೆಯಲ್ಲೂ ಮನುಷ್ಯನ ದಿನನಿತ್ಯದ ಮುಖ ಕಸಕ್ಕೆ ಹೋಗಿ, ಕ್ಯಾಮೆರಾದ ಎದುರಿನ ಮುಖವಷ್ಟೇ ಉಳಿಯುತ್ತದೆ. ಅವನು ಹೋದಮೇಲೆ ಮನೆಯವರು ಹುಡುಕಾಡುವುದು ಆ ಇನ್ನೊಂದು ಮುಖವನ್ನು. ಕನ್ನಡಕವನ್ನು ಹಣೆಗೇರಿಸಿಕೊಂಡು, ನಾನು ಹೇಳಿದ್ದನ್ನು ನಂಬದೆ ಕೇಳುತ್ತಿದ್ದ ನನ್ನ ಅಪ್ಪ ನನ್ನ ಬಳಿ ಒಂದು ಚಿತ್ರದಲ್ಲಿಯೂ ಇಲ್ಲ. ಇರುವುದೆಲ್ಲ “ಅಪ್ಪಾ, ಸ್ವಲ್ಪ ನಗಿ” ಎಂದ ಮೇಲಿನ ಅಪ್ಪ.

ನಗಬೇಕೆಂಬ ಈ ಒತ್ತಾಯ ಛಾಯಾಚಿತ್ರದ ಜೊತೆ ಹುಟ್ಟಿದ್ದೂ ಅಲ್ಲ. 1839ರಲ್ಲಿ ಫ್ರಾನ್ಸಿನ ಡಾಗೆರ್‌ನ ಛಾಯಾಚಿತ್ರ ವಿಧಾನ ಬಹಿರಂಗವಾದಾಗ ಒಂದು ಚಿತ್ರ ಮೂಡಲು ನಿಮಿಷಗಳೇ ಬೇಕಿದ್ದವು; ಕೆಲವೇ ವರ್ಷಗಳಲ್ಲಿ ಆ ಅವಧಿ ಇಳಿದರೂ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆಧಾರ ಕೊಟ್ಟು ಕೂರಿಸುತ್ತಿದ್ದರು. ಅಷ್ಟು ಹೊತ್ತು ನಗುವನ್ನು ಹಿಡಿದಿಡುವುದು ಸುಲಭದ ಮಾತಲ್ಲ, ಗಂಭೀರವಾಗಿ ಕಾಣುವುದೇ ಆಗಿನ ರೂಢಿಯೂ ಆಗಿತ್ತು. ಸತ್ತವರನ್ನು ಚಿತ್ರಕ್ಕೆ ಸೇರಿಸುವ ಕಸುಬೂ ಇಂದಿನದಲ್ಲ. 1860ರ ದಶಕದ ಅಮೆರಿಕದಲ್ಲಿ ವಿಲಿಯಂ ಮಮ್ಲರ್ ಎಂಬುವನು ತನ್ನೆದುರು ಕೂತವರ ಹಿಂದೆ ಅವರ ಗತಿಸಿದ ಬಂಧುಗಳ ಮಸುಕು ಆಕೃತಿ ಮೂಡಿಸಿಕೊಡುತ್ತಿದ್ದ. ಅವು ಆತ್ಮಗಳೆಂದೇ ಹೇಳಿಕೊಳ್ಳುತ್ತಿದ್ದ. ವಂಚನೆಯ ಆರೋಪದ ಮೇಲೆ 1869ರಲ್ಲಿ ನ್ಯೂಯಾರ್ಕಿನಲ್ಲಿ ವಿಚಾರಣೆಗೆ ಒಳಗಾಗಿ, ಪುರಾವೆ ಸಾಲದೆ ಬಿಡುಗಡೆಯಾದ. ಆಮೇಲೂ, 1872ರ ಸುಮಾರಿಗೆ, ಅಬ್ರಹಾಂ ಲಿಂಕನ್ನರ ಪತ್ನಿ ಮೇರಿ ಅವನೆದುರು ಕೂತು, ಗಂಡ ಹೆಗಲ ಮೇಲೆ ಕೈಯಿಟ್ಟು ನಿಂತಂತಿರುವ ಚಿತ್ರ ತೆಗೆಸಿಕೊಂಡರು. ಒಂದರ ಮೇಲೊಂದು ಚಿತ್ರ ಮೂಡಿಸಿದಂತಿದ್ದ ಆ ಮಸುಕಿನಲ್ಲಿ ಜನ ತಮಗೆ ಬೇಕಾದ ಮುಖವನ್ನು ಕಂಡುಕೊಳ್ಳುತ್ತಿದ್ದರು ಎಂದು ನನಗನ್ನಿಸುತ್ತದೆ. ಮಸುಕು ಹೆಚ್ಚಿದಷ್ಟೂ ಅದು ಸುಲಭ. ನನ್ನೆದುರು ಕೂತ ಹೆಂಗಸಿಗೆ ಅಂಥ ಭ್ರಮೆಯೇ ಬೇಕಿರಲಿಲ್ಲ. ಇದು ಕೂಡಿಸಿದ ಚಿತ್ರವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಆದರೂ ಕೂಡಿಸಿದ ಮನುಷ್ಯ ತಮ್ಮ ಗಂಡನೇ ಆಗಿರಬೇಕೆಂಬ ಹಟವಿತ್ತು. ಸಮಾಧಾನಕ್ಕಾಗಿ ಬಂದವರು ಸಮಾಧಾನ ಕೊಡುವ ನಗುವನ್ನೇ ನಿರಾಕರಿಸಿದ್ದು ನನ್ನನ್ನು ಈಗಲೂ ಬಿಟ್ಟಿಲ್ಲ.

ಕೊನೆಗೆ, ಯಾವುದೋ ಸಮಾರಂಭದಲ್ಲಿ ಬೇರೆಯವರ ಚಿತ್ರದ ಹಿನ್ನೆಲೆಯಲ್ಲಿ ಸಿಕ್ಕಿಕೊಂಡಿದ್ದ ಅವರ ಮುಖ ದೊರೆಯಿತು. ಅದನ್ನು ಕೂರಿಸಿದ ಮೇಲೆ ಆಕೆ ಇನ್ನೊಂದು ಮಾತು ಹೇಳಿದರು: ಅವರು ನಡುವೆ ನಿಲ್ಲುವವರಲ್ಲ, ಅಂಚಿಗೆ ಸರಿಸಿ. ಅಗಲ ಕೋನದ ಲೆನ್ಸಿನಲ್ಲಿ ಅಂಚಿನವರು ತುಸು ಹಿಗ್ಗಿ ಕಾಣುವುದರಿಂದ ಅವರನ್ನೂ ಅಷ್ಟೇ ಹಿಗ್ಗಿಸಿ ಮತ್ತೆ ಹೊಂದಿಸಬೇಕಾಯಿತು. ಸಾಲಿನ ತುದಿಯಲ್ಲಿ, ಯಾವಾಗ ಮುಗಿಯುತ್ತದೋ ಎಂಬಂತೆ ನಿಂತ ಆ ಮನುಷ್ಯನನ್ನು ನೋಡಿ ಮಗಳು ಫಕ್ಕನೆ ನಕ್ಕುಬಿಟ್ಟಳಂತೆ.

ಎರಡು ದಿನ ಬಿಟ್ಟು ಭಾವನವರು ಫೋನ್ ಮಾಡಿದರು. ತಮ್ಮ ಮನೆಗೆ ಒಂದು ಪ್ರತಿ ಬೇಕು, ಆದರೆ ನಗುವ ಮುಖದ್ದೇ ಬೇಕು ಎಂದರು. ನಾನು ಹಿಂಜರಿದಾಗ, “ಚಿಕ್ಕವನಿದ್ದಾಗ ನನ್ನ ಹಿಂದೆ ನಗ್ತಾನೇ ಓಡಾಡ್ತಿದ್ದ ಮೇಡಂ. ಅವಳಿಗೇನು ಗೊತ್ತು” ಎಂದರು. ಅಷ್ಟು ಹೊತ್ತಿನವರೆಗೆ ಅವರನ್ನು ನಾನು ಬರೀ ಗದ್ದಲದ ಮನುಷ್ಯನೆಂದುಕೊಂಡಿದ್ದೆ. ಆತ ಗದ್ದಲದ ಮನುಷ್ಯನೇ, ಅದರಲ್ಲಿ ಅನುಮಾನವಿಲ್ಲ; ಆದರೆ ತಮ್ಮನನ್ನು ಕಳೆದುಕೊಂಡ ಅಣ್ಣನೂ ಹೌದು. ಅವರ ಪ್ರತಿಯನ್ನೂ ಮಾಡಿಕೊಟ್ಟೆ.

ನನ್ನ ತಮ್ಮ ಕೆಲವು ತಿಂಗಳ ಹಿಂದೆ ಅಪ್ಪನ ಒಂದು ಚಿತ್ರವನ್ನು ಕೃತಕ ಬುದ್ಧಿಮತ್ತೆಯ ಸಾಧನಕ್ಕೆ ಕೊಟ್ಟು, ಅಪ್ಪ ತಲೆ ತಿರುಗಿಸಿ ನಗುವಂತೆ ಒಂದು ತುಣುಕು ಮಾಡಿಸಿ ಕಳಿಸಿದ್ದ. ಅಪ್ಪನಿಗೆ ಕತ್ತು ಹಿಡಿದಿರುತ್ತಿದ್ದದ್ದರಿಂದ ಅವರು ಹೆಗಲನ್ನೇ ತಿರುಗಿಸುತ್ತಿದ್ದರು. ಆ ಸಾಧನಕ್ಕೆ ಅದು ತಿಳಿಯುವುದು ಹೇಗೆ? ಅದು ಕಲಿತಿರುವುದು ಲೆಕ್ಕವಿಲ್ಲದಷ್ಟು ಬೇರೆ ಜನರ ಚಲನೆಯನ್ನು. ಆ ತುಣುಕನ್ನು ನಾನು ಪೂರ್ತಿ ನೋಡಿರಲಿಲ್ಲ, ಅವನಿಗೆ ಉತ್ತರವನ್ನೂ ಕೊಟ್ಟಿರಲಿಲ್ಲ. ಈ ವಾರ ಫೋನ್ ಮಾಡಿ, ಕತ್ತಿನ ವಿಷಯ ಹೇಳಿ, ಅಪ್ಪ ಹೀಗೆ ಬಾಯಿಬಿಟ್ಟು ನಗುತ್ತಲೂ ಇರಲಿಲ್ಲ ಎಂದೆ. ಅವನು ಸ್ವಲ್ಪ ತಡೆದು, “ಕತ್ತಿನ ವಿಷಯ ಸರಿ ಅಕ್ಕಾ. ಆದರೆ ನಿನ್ನ ಹತ್ರ ನಗ್ತಿರಲಿಲ್ಲ ಅಂತ ಹೇಳು” ಎಂದ. ನಾನು ಮನೆಯಲ್ಲಿದ್ದ ವರ್ಷಗಳು ಅಪ್ಪನ ದುಡಿಮೆಯ ವರ್ಷಗಳು. ಅವನಿಗೆ ಸಿಕ್ಕಿದ್ದು ನಿವೃತ್ತರಾದ ಅಪ್ಪ. ಅವನ ಫೋನಿನಲ್ಲಿ ಆ ಕಾಲದ ಚಿತ್ರಗಳು ಬೇಕಾದಷ್ಟಿವೆಯಂತೆ, ಮಸುಕಾದವು, ಓರೆಯಾದವು, ಯಾವುದನ್ನೂ ಅವನು ಅಳಿಸಿಲ್ಲ. ಎಲ್ಲವನ್ನೂ ಕೊಡು, ಆರಿಸಲು ಹೋಗಬೇಡ, ವಾಟ್ಸಾಪಿನಲ್ಲಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಮೂಲ ಫೈಲುಗಳನ್ನೇ ತಾ ಎಂದು ಹೇಳಿದ್ದೇನೆ. ಭಾನುವಾರ ಬರುತ್ತೇನೆ ಎಂದಿದ್ದಾನೆ.