ಕೋರುತ್ತೇನೆ ಎಂಬ ಪದ

2012ರ ಜುಲೈ ತಿಂಗಳಲ್ಲಿ, ದ್ವಿತೀಯ ಪಿಯುಸಿ ತರಗತಿಗಳು ಆರಂಭವಾಗಿ ಕೆಲವೇ ವಾರಗಳಾಗಿದ್ದಾಗ, ವಿದ್ಯಾರ್ಥಿವೇತನಕ್ಕೆಂದು ಬರೆದ ಅರ್ಜಿಯೊಂದನ್ನು ತಿದ್ದಿಸಿಕೊಳ್ಳಲು ನಮ್ಮ ಕನ್ನಡ ಉಪನ್ಯಾಸಕರ ಬಳಿಗೆ ಹೋಗಿದ್ದೆ. ಹೊರಗೆ ಚಿಕ್ಕಮಗಳೂರಿನ ಮಳೆ ಹಿಡಿದ ಪಟ್ಟು ಬಿಡದೆ ಸುರಿಯುತ್ತಿತ್ತು. ಆಲ್ದೂರು ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಸಮವಸ್ತ್ರದ ಜೊತೆಗೆ ಅರ್ಜಿಯ ಒಂದು ಮೂಲೆಯೂ ನೆನೆದಿತ್ತು. ಅದರ ಕೊನೆಯಲ್ಲಿ ನಾನು, "ಬಡವಳಾದ ನನ್ನ ಮೇಲೆ ದಯೆಯಿಟ್ಟು ಕರುಣಿಸಬೇಕಾಗಿ ತಮ್ಮ ಪಾದಗಳಿಗೆರಗಿ ಬೇಡಿಕೊಳ್ಳುತ್ತೇನೆ" ಎಂದು ಬರೆದಿದ್ದೆ. ನಮ್ಮ ಲೈನಿನಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಯಾರು ಅರ್ಜಿ ಬರೆಸಿದರೂ ಹಾಗೆಯೇ ಬರೆಸುತ್ತಿದ್ದರು, ಅರ್ಜಿಗೆ ಬೇರೆ ಭಾಷೆ ಇದೆಯೆಂಬುದು ನನಗೆ ಗೊತ್ತಿರಲಿಲ್ಲ. ಮೇಷ್ಟ್ರು ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಅದರ ಮೇಲೆ "ಮಂಜೂರು ಮಾಡಬೇಕೆಂದು ಕೋರುತ್ತೇನೆ" ಎಂದು ಬರೆದರು. "ಇದು ನಿನ್ನಂಥವರಿಗಾಗಿಯೇ ತೆಗೆದಿಟ್ಟ ಹಣ. ಅರ್ಹತೆ ಇದ್ದವರು ಕೋರಬೇಕಮ್ಮ, ಬೇಡಬಾರದು" ಎಂದರು. ಆ ಮಾತು ಪೂರ್ತಿಯಾಗಿ ಅರ್ಥವಾಗಲು ನಾನು ಇನ್ನೊಂದು ದೇಶಕ್ಕೆ ಹೋಗಬೇಕಾಯಿತು.

ಅದೇ ಮಳೆಗಾಲದಲ್ಲಿ ನನ್ನ ಅಜ್ಜಿ ಹಿತ್ತಿಲಿನ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನಾವಿದ್ದದ್ದು ಕಾಫಿ ತೋಟದ ಲೈನ್ ಮನೆಯಲ್ಲಿ. ಅಕ್ಕಪಕ್ಕದ ಗಂಡಸರು ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಕೆಸರಿನ ದಾರಿಯಲ್ಲಿ ಹೊತ್ತು ಟಾರು ರಸ್ತೆಗೆ ತಂದರು. ಮೇಸ್ತ್ರಿ ಓಡಿಹೋಗಿ ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿದ ಮೇಲೆ ತೋಟದ ಜೀಪು ಬಂದಿತು. ಸ್ತ್ರೀಶಕ್ತಿ ಸಂಘದವರು ಉಳಿತಾಯದ ಹಣದಲ್ಲಿ ಸಾಲ ಕೊಟ್ಟರು, ಧಣಿಗಳು ಸಂಬಳದ ಮುಂಗಡ ಕೊಟ್ಟರು, ಕೊನೆಯ ಮನೆಯ ಅಕ್ಕ ಕಿವಿಯ ಓಲೆಯನ್ನು ಬಿಚ್ಚಿ ಅಮ್ಮನ ಕೈಗಿಟ್ಟರು. ಅಷ್ಟು ಜನರು ಅಷ್ಟು ಬೇಗ ಕೂಡಿಬಂದದ್ದನ್ನು ನಾನು ಮರೆಯಲಾರೆ. ಆದರೆ ಅದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಆ ಓಲೆಯನ್ನು ಬಿಡಿಸಿಕೊಡಲು ನಮಗೆ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷವೂ ಅಮ್ಮ ಆ ಮನೆಯ ಮುಂದೆ ಹಾದುಹೋಗುವಾಗ ತಲೆ ತಗ್ಗಿಸಿಯೇ ನಡೆಯುತ್ತಿದ್ದರು. ಯಾರೂ ಕೇಳಿರಲಿಲ್ಲ, ಯಾರೂ ಆಡಿಕೊಂಡಿರಲಿಲ್ಲ, ಆದರೂ ತಲೆ ತಗ್ಗಿಯೇ ಇರುತ್ತಿತ್ತು.

ಅಜ್ಜಿ ಮತ್ತೆ ಎದ್ದು ನಡೆಯಲಿಲ್ಲ. ಎರಡು ವರ್ಷ ಅವರ ಸ್ನಾನ, ಊಟ, ಬಟ್ಟೆ, ಮಗ್ಗುಲು ಬದಲಿಸುವುದು ಎಲ್ಲವೂ ಅಮ್ಮನ ಪಾಲಿಗೆ ಬಂದಿತು. ಹಣ್ಣು ಕುಯ್ಲಿನ ತಿಂಗಳುಗಳಲ್ಲಿ, ಅಂದರೆ ತೋಟದಲ್ಲಿ ನಾಲ್ಕು ಕಾಸು ಹೆಚ್ಚಿಗೆ ಸಿಗುವ ನವೆಂಬರಿನಿಂದ ಫೆಬ್ರವರಿಯವರೆಗೆ ಕೂಡ, ಅಮ್ಮ ಅರ್ಧ ದಿನ ಮಾತ್ರ ಕೆಲಸಕ್ಕೆ ಹೋಗುತ್ತಿದ್ದರು. ಕಳೆದುಹೋದ ಆ ಕೂಲಿಯನ್ನು ಯಾರೂ ಲೆಕ್ಕ ಹಾಕಲಿಲ್ಲ. ಸೊಸೆಯಾದವಳು ಅತ್ತೆಯನ್ನು ನೋಡಿಕೊಳ್ಳುವುದಕ್ಕೆ ಲೆಕ್ಕವೆಂತಹದು ಎಂಬುದೇ ಎಲ್ಲರ ಭಾವನೆಯಾಗಿತ್ತು. ನಾನು ನರ್ಸಿಂಗ್ ಓದಬೇಕೆಂದು ನಿಶ್ಚಯಿಸಿದ್ದು ಆ ಎರಡು ವರ್ಷಗಳಲ್ಲಿಯೇ.

ಹಾಸನದಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಕೆಲವು ವರ್ಷ ಅಲ್ಲಿಯೇ ಕೆಲಸ ಮಾಡಿದೆ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆಗೆ ಒಬ್ಬರು ಇರಲೇಬೇಕು. ಔಷಧಿ, ಚುಚ್ಚುಮದ್ದು, ಡ್ರೆಸ್ಸಿಂಗ್, ದಾಖಲೆ ನಮ್ಮದು. ಮುಖ ತೊಳೆಸುವುದು, ಉಣ್ಣಿಸುವುದು, ಬೆಡ್‌ಪ್ಯಾನ್ ಕೊಡುವುದು ಜೊತೆಗಿರುವವರದು. ಅವರು ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಾರೆ, ಮನೆಯಿಂದ ಬುತ್ತಿ ತರುತ್ತಾರೆ, ಪಕ್ಕದ ಮಂಚದವರಿಗೂ ಒಂದು ತುತ್ತು ಕೊಡುತ್ತಾರೆ. ಜೊತೆಗೆ ಯಾರೂ ಇಲ್ಲದ ರೋಗಿ ಬಂದರೆ ವಾರ್ಡಿನ ಏರ್ಪಾಡೇ ಏರುಪೇರಾಗುತ್ತಿತ್ತು. ನನ್ನ ಬಿಡುವಿನಲ್ಲಿ ಅಂತಹವರಿಗೆ ನಾನು ಉಣ್ಣಿಸಿದ್ದುಂಟು, ಆದರೆ ಅದು ನನ್ನ ಕರ್ತವ್ಯದ ಪಟ್ಟಿಯಲ್ಲಿ ಇರಲಿಲ್ಲ.

ಜರ್ಮನಿಗೆ ಹೋದದ್ದು 2021ರಲ್ಲಿ. ಜರ್ಮನ್ ಭಾಷೆಯಲ್ಲಿ ಬಿ2 ಮಟ್ಟದ ಪರೀಕ್ಷೆ ಮುಗಿಸಿಕೊಂಡಿದ್ದೆ, ಆದರೂ ನಮ್ಮ ಪದವಿಗೆ ಅಲ್ಲಿನ ಮಾನ್ಯತೆ ದೊರೆಯುವವರೆಗೆ ಸಹಾಯಕಿಯಾಗಿ ದುಡಿಯಬೇಕಾಯಿತು. ಹ್ಯಾಂಬರ್ಗಿನ ಆಸ್ಪತ್ರೆಯಲ್ಲಿ ಮೊದಲ ದಿನ ಬೆಳಿಗ್ಗೆ ನನಗೆ ಕೊಟ್ಟ ಕೆಲಸವೆಂದರೆ ಒಬ್ಬ ವೃದ್ಧೆಗೆ ಮೈ ತೊಳೆಸುವುದು. ಅವರ ಮನೆಯವರು ಎಲ್ಲಿ ಎಂದು ನಾನು ಹುಡುಕಿದೆ. ಅಲ್ಲಿ ಮನೆಯವರು ನೋಡಲು ಬಂದು ಹೋಗುತ್ತಾರೆಯೇ ಹೊರತು ಉಳಿಯುವುದಿಲ್ಲ. ತರಬೇತಿ ಪಡೆದ ದಾದಿಯರೂ ಮೈ ತೊಳೆಸಬೇಕು, ಹಲ್ಲುಸೆಟ್ಟು ಶುಚಿಮಾಡಬೇಕು, ತಲೆ ಬಾಚಬೇಕು. ಭಾರತದಿಂದ ಬಂದ ಎಷ್ಟೋ ದಾದಿಯರಿಗೆ ಇದು ದೊಡ್ಡ ಅವಮಾನವೆನ್ನಿಸುವುದನ್ನು ಕಂಡಿದ್ದೇನೆ. ನನಗೆ ಹಾಗೆನ್ನಿಸಲಿಲ್ಲ. ಅಮ್ಮ ಎರಡು ವರ್ಷ ಸಂಬಳವಿಲ್ಲದೆ ಮಾಡಿದ ಕೆಲಸ ಇಲ್ಲಿ ಓದಿ, ಪರೀಕ್ಷೆ ಬರೆದು, ಸಂಬಳ ಪಡೆದು ಮಾಡುವ ಉದ್ಯೋಗವಾಗಿದೆಯಲ್ಲ ಎಂದು ಆ ಬೆಳಿಗ್ಗೆ ಕೈಯಲ್ಲಿ ಬಿಸಿನೀರಿನ ಬಟ್ಟೆ ಹಿಡಿದುಕೊಂಡೇ ಯೋಚಿಸಿದೆ.

ಅದೇ ದಿನ ಒಂದು ತಪ್ಪನ್ನೂ ಮಾಡಿದೆ. ನಮ್ಮಲ್ಲಿ ವಯಸ್ಸಾದವರನ್ನು ಅಜ್ಜಿ, ತಾತ ಎನ್ನುವುದೇ ಮರ್ಯಾದೆ, ಹೆಸರು ಹಿಡಿದರೆ ಉದ್ಧಟತನ. ಆ ಅಭ್ಯಾಸದಿಂದ ನಾನು ಅವರನ್ನು ಅಜ್ಜಿ ಎಂಬರ್ಥದ "ಓಮಾ" ಎಂದು ಕರೆದೆ. ಅವರು ಮುಖ ತಿರುಗಿಸಿಕೊಂಡರು. ಹಿರಿಯ ದಾದಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಮನೆತನದ ಹೆಸರಿಗೆ ಮೊದಲು "ಫ್ರಾವ್" ಸೇರಿಸಿ, "ನೀವು" ಎಂಬುದಕ್ಕೆ ಸಮನಾದ "ಝೀ" ಬಳಸಿ ಮಾತನಾಡಬೇಕೆಂದು ತಿಳಿಸಿದರು. "ಅವರು ನಿಮ್ಮ ಅಜ್ಜಿಯಲ್ಲ. ಹಾಸಿಗೆ ಹಿಡಿದಿದ್ದಾರೆಂದು ಅವರ ಹೆಸರನ್ನು ನಾವು ತೆಗೆದುಕೊಳ್ಳಬಾರದು" ಎಂದರು. ನಾವು ಸಂಬಂಧದ ಹೆಸರು ಕೊಟ್ಟು ಹತ್ತಿರ ಮಾಡಿಕೊಂಡು ಗೌರವಿಸುತ್ತೇವೆ, ಅವರು ದೂರ ನಿಂತು ಗೌರವಿಸುತ್ತಾರೆ. ಯಾವುದು ಮೇಲು ಎಂದು ನನ್ನನ್ನು ಆಗಾಗ ಕೇಳುತ್ತಾರೆ. ಮೈ ತೊಳೆಸಿಕೊಳ್ಳುವಾಗ ಮನುಷ್ಯರಿಗೆ ಆಗುವ ಸಂಕೋಚವನ್ನು ಬಲ್ಲ ನನಗೆ, ಆ ಹೊತ್ತಿನಲ್ಲಿ ದೂರದ ಗೌರವವೇ ಸರಿಯೆಂದು ತೋರಿದೆ. ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದೆ ಕರೆಗಂಟೆ ಒತ್ತುವವರ ಬಳಿ ನಿಂತಾಗ ಮಾತ್ರ, "ಏನಜ್ಜಿ" ಎಂಬ ನಮ್ಮ ಒಂದು ಮಾತು ಇದ್ದಿದ್ದರೆ ಎನ್ನಿಸುತ್ತದೆ.

ಆ ವೃದ್ಧೆಗೂ ಸೊಂಟದ ಮೂಳೆಯೇ ಮುರಿದಿತ್ತು. ಆಸ್ಪತ್ರೆಗೆ ಅವರು ತೆರಬೇಕಾಗಿದ್ದುದು ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ ಹೆಚ್ಚೆಂದರೆ 28 ದಿನಗಳಿಗೆ. ಉಳಿದದ್ದನ್ನು ಆರೋಗ್ಯ ವಿಮೆ ಭರಿಸಿತು. ದುಡಿಯುವವರಿಗೆ ಕಡ್ಡಾಯ ಆರೋಗ್ಯ ವಿಮೆಯ ಕಾನೂನು ಜರ್ಮನಿಯಲ್ಲಿ ಬಂದದ್ದು 1883ರಲ್ಲಿ, ಚಾನ್ಸಲರ್ ಬಿಸ್ಮಾರ್ಕ್ ಅಧಿಕಾರದಲ್ಲಿದ್ದಾಗ. ಈಗ ಸಂಬಳದ ಶೇ. 14.6ರಷ್ಟು ಮೂಲ ವಂತಿಗೆಯನ್ನು ನೌಕರರೂ ಮಾಲೀಕರೂ ಸಮವಾಗಿ ಹಂಚಿಕೊಂಡು ಕಟ್ಟುತ್ತಾರೆ, ಅದರ ಮೇಲೆ ಆಯಾ ವಿಮಾ ನಿಧಿಯ ಹೆಚ್ಚುವರಿ ವಂತಿಗೆಯೂ ಇರುತ್ತದೆ. 1995ರಿಂದ ಆರೈಕೆಗೆಂದೇ ಪ್ರತ್ಯೇಕ ವಿಮೆಯೂ ಇದೆ. ಮುಪ್ಪು ಅಥವಾ ಕಾಯಿಲೆಯಿಂದ ಪರಾವಲಂಬಿಯಾದವರ ಮನೆಗೆ ಪರಿಶೀಲಕರು ಬಂದು, ಎದ್ದು ಓಡಾಡುವುದು, ಸ್ನಾನ, ಊಟ, ನೆನಪು ಇವನ್ನೆಲ್ಲ ನೋಡಿ, ಒಂದರಿಂದ ಐದರವರೆಗೆ ದರ್ಜೆ ನಿಗದಿಮಾಡುವಂತೆ ಶಿಫಾರಸು ಮಾಡುತ್ತಾರೆ. ನನ್ನನ್ನು ಬೆರಗುಗೊಳಿಸಿದ ಸಂಗತಿ ಇನ್ನೊಂದು. ಮನೆಯಲ್ಲಿಯೇ ಮಗಳೋ ಸೊಸೆಯೋ ನೋಡಿಕೊಳ್ಳುತ್ತಿದ್ದರೆ ಅದಕ್ಕೂ ಹಣ ಬರುತ್ತದೆ. ಮೂರನೆಯ ದರ್ಜೆಯವರಿಗೆ 2025ರಲ್ಲಿ ಅದು ತಿಂಗಳಿಗೆ 599 ಯೂರೋ. ವಾರಕ್ಕೆ ಇಷ್ಟು ಗಂಟೆ ಎಂಬ ನಿಯಮಕ್ಕೊಳಪಟ್ಟು, ನೋಡಿಕೊಳ್ಳುವವರ ಹೆಸರಿನಲ್ಲಿ ಪಿಂಚಣಿಯ ವಂತಿಗೆಯನ್ನೂ ಆ ವಿಮೆಯೇ ಕಟ್ಟುತ್ತದೆ. ಅಮ್ಮನ ಆ ಎರಡು ವರ್ಷಗಳು ಈ ದೇಶದಲ್ಲಿ ಕಾಗದದ ಮೇಲೆ ದಾಖಲಾಗುತ್ತಿದ್ದವು ಎಂದು ತಿಳಿದ ದಿನ ನಾನು ಊಟ ಮಾಡಲಿಲ್ಲ.

ಈ ಅರ್ಜಿಗಳನ್ನು ತುಂಬಲು ರೋಗಿಗಳಿಗೆ ನೆರವಾಗುವಾಗ "ಆನ್‌ಶ್ಪ್ರುಖ್" ಎಂಬ ಪದ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಹಕ್ಕಿನಿಂದ ಕೇಳಿ ಪಡೆಯಬಹುದಾದದ್ದು ಎಂದು ಅದರ ಅರ್ಥ. ಅಲ್ಲಿ ಕರುಣಿಸಿ ಎಂಬ ಮಾತಿಗೆ ಜಾಗವಿಲ್ಲ, ಬಡವಳೆಂದು ಹೇಳಿಕೊಳ್ಳುವ ಅಗತ್ಯವಿಲ್ಲ. ನಮ್ಮ ಮೇಷ್ಟ್ರ ಕೆಂಪು ಶಾಯಿ ನೆನಪಾದದ್ದು ಆಗ.

ಹಾಗೆಂದು ಆ ದೇಶವನ್ನು ಸ್ವರ್ಗವೆಂದು ಬರೆದರೆ ಸುಳ್ಳಾಗುತ್ತದೆ. ವೃದ್ಧಾಶ್ರಮದ ಖರ್ಚಿನಲ್ಲಿ ವಿಮೆ ಕೊಡುವುದು ಒಂದು ಭಾಗ ಮಾತ್ರ, ಉಳಿದದ್ದಕ್ಕೆ ಜೀವಮಾನದ ಉಳಿತಾಯ ಕರಗುತ್ತದೆ, ಅದೂ ಸಾಲದೆ ಸರ್ಕಾರದ ನೆರವಿಗೆ ಹೋಗುವವರು ಅನೇಕರು. ನಮ್ಮಲ್ಲಿ 2007ರ ಹಿರಿಯ ನಾಗರಿಕರ ಕಾಯ್ದೆಯು ತಂದೆತಾಯಿಯರ ಪೋಷಣೆಯನ್ನು ಮಕ್ಕಳ ಮೇಲೆ ಹೊರಿಸಿದರೆ, ಅಲ್ಲಿ 2020ರಿಂದ ಜಾರಿಯಲ್ಲಿರುವ ಕಾನೂನು ವರ್ಷಕ್ಕೆ ಒಂದು ಲಕ್ಷ ಯೂರೋಗಿಂತ ಹೆಚ್ಚು ಗಳಿಸದ ಮಕ್ಕಳನ್ನು ಆ ಖರ್ಚಿನ ಹೊರೆಯಿಂದ ಬಿಡಿಸಿದೆ. ಮಕ್ಕಳ ಸಂಸಾರ ಮುಳುಗಬಾರದೆಂಬ ಕಾಳಜಿ ಅದರಲ್ಲಿದೆ. ಆದರೆ ಹಣದ ಹೊರೆಯನ್ನು ಕಾನೂನು ಇಳಿಸಬಲ್ಲದು, ಮಂಚದ ಪಕ್ಕದ ಖಾಲಿ ಕುರ್ಚಿಯನ್ನು ಅದು ತುಂಬಲಾರದು. ನನ್ನ ಆ ಮೊದಲ ರೋಗಿಯನ್ನು ನೋಡಲು ಮೂರು ವಾರಗಳಲ್ಲಿ ಬಂದವರು ಒಬ್ಬರೇ, ಅದೂ ಕೆಳಗಿನ ಮಹಡಿಯ ನೆರೆಯವರು. ನನ್ನ ಅಜ್ಜಿ ಕಣ್ಣು ಮುಚ್ಚಿದಾಗ ಆ ಚಿಕ್ಕ ಕೋಣೆಯಲ್ಲಿ ಹನ್ನೊಂದು ಜನರಿದ್ದೆವು. ನೋವು ಕಡಿಮೆ ಮಾಡುವ ಸರಿಯಾದ ಔಷಧಿ ಮಾತ್ರ ಅಲ್ಲಿರಲಿಲ್ಲ.

ಬೀದಿಯಲ್ಲಿ ಕಂಡ ಒಂದು ನೋಟವನ್ನೂ ಹೇಳಬೇಕು. ಅಲ್ಲಿ ಒಮ್ಮೆ ಬಳಸಿ ಬಿಡುವ ನೀರಿನ ಪ್ಲಾಸ್ಟಿಕ್ ಬಾಟಲಿಗೂ ಪಾನೀಯದ ಡಬ್ಬಿಗೂ 25 ಸೆಂಟ್ ಠೇವಣಿ ಇರುತ್ತದೆ, ಖಾಲಿಯನ್ನು ಅಂಗಡಿಗೆ ಹಿಂದಿರುಗಿಸಿದರೆ ಆ ಹಣ ಮರಳುತ್ತದೆ. ಪಿಂಚಣಿ ಸಾಲದ ಮುದುಕರು ನಿಲ್ದಾಣಗಳ ಕಸದ ಬುಟ್ಟಿಗಳಲ್ಲಿ ಬಾಟಲಿ ಹುಡುಕುತ್ತಾರೆ. ಅವರು ಬುಟ್ಟಿಯೊಳಗೆ ಕೈ ಹಾಕುವಂತಾಗಬಾರದೆಂದು ಎಷ್ಟೋ ಜನರು ಖಾಲಿ ಬಾಟಲಿಯನ್ನು ಹೊರಗೆ, ಬುಟ್ಟಿಯ ಬುಡದಲ್ಲಿ ಇಟ್ಟು ಹೋಗುತ್ತಾರೆ. ಕೊಟ್ಟವರ ಮುಖವನ್ನು ಪಡೆದವರು ನೋಡುವುದೇ ಇಲ್ಲ. ಓಲೆ ಕೊಟ್ಟ ಅಕ್ಕನ ಮನೆಯ ಮುಂದೆ ತಲೆ ತಗ್ಗಿಸುತ್ತಿದ್ದ ಅಮ್ಮನನ್ನು ನೆನೆದು ನಾನೂ ಹಾಗೆಯೇ ಇಡುತ್ತೇನೆ.

ಮಿಕ್ಕ ವ್ಯತ್ಯಾಸಗಳಿಗೆ ಹೊಂದಿಕೊಳ್ಳಲು ಕಷ್ಟವಾಗಲಿಲ್ಲ. ಭಾನುವಾರದ ವಿಶ್ರಾಂತಿಗೆ ಅವರ ಸಂವಿಧಾನದ ರಕ್ಷಣೆಯಿದೆ, ಅಂಗಡಿಗಳು ಮುಚ್ಚಿರುತ್ತವೆ, ಗೋಡೆಗೆ ಮೊಳೆ ಹೊಡೆಯುವ ಸದ್ದೂ ಕೇಳಿಸಬಾರದು. 2023ರ ಮೇ ತಿಂಗಳಲ್ಲಿ ಅಲ್ಲಿ 49 ಯೂರೋಗೆ ದೇಶದ ತುಂಬ ನಗರ ಸಾರಿಗೆಯಲ್ಲೂ ಪ್ರಾದೇಶಿಕ ರೈಲುಗಳಲ್ಲೂ ತಿಂಗಳಿಡೀ ಓಡಾಡುವ ಟಿಕೆಟ್ ಬಂದಿತು. ಅದರ ಮರು ತಿಂಗಳೇ ಕರ್ನಾಟಕದಲ್ಲಿ ಶಕ್ತಿ ಯೋಜನೆ ಆರಂಭವಾಯಿತು. ಅಮ್ಮ ಯಾರನ್ನೂ ಹಣ ಕೇಳದೆ ಕೆಂಪು ಬಸ್ಸಿನಲ್ಲಿ ಹಾಸನದ ತನ್ನ ತಂಗಿಯ ಮನೆಗೆ ಹೋಗಿ ಬಂದು, ಫೋನಿನಲ್ಲಿ ಆ ಪ್ರಯಾಣವನ್ನು ವಿವರಿಸಿದ ಧ್ವನಿಯಲ್ಲಿ ನಾನು ಅದುವರೆಗೆ ಕೇಳದಿದ್ದ ಒಂದು ಹೆಮ್ಮೆಯಿತ್ತು. ಆ ಧ್ವನಿ ಕೇಳಿದ ಮೇಲೆ, ಹಕ್ಕಾಗಿ ಸಿಗುವುದು ಪರದೇಶದ ಸೊತ್ತು ಎಂಬ ನನ್ನ ಭಾವನೆಯನ್ನು ತಿದ್ದಿಕೊಂಡೆ.

ಕಾಫಿಯ ಮಾತು ಬಿಟ್ಟರೆ ಚಿಕ್ಕಮಗಳೂರಿನವಳ ಬರಹವಾಗದು. ಹ್ಯಾಂಬರ್ಗಿನ ಬಂದರಿನ ಪಕ್ಕದಲ್ಲಿ ಕಾಲುವೆಗಳ ನಡುವೆ ಕೆಂಪು ಇಟ್ಟಿಗೆಯ ಗೋದಾಮುಗಳ ಸಾಲು ಇದೆ. 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಆ ಗೋದಾಮುಗಳಲ್ಲಿ ಒಂದು ಕಾಲಕ್ಕೆ ಕಾಫಿ, ಚಹಾ, ಸಂಬಾರ ಪದಾರ್ಥಗಳನ್ನು ತುಂಬಿಡುತ್ತಿದ್ದರು. ಬಾಬಾಬುಡನ್‌ಗಿರಿಯಲ್ಲಿ ಏಳು ಬೀಜದಿಂದ ಮೊದಲಾಯಿತೆಂದು ನಾವು ಕೇಳಿ ಬೆಳೆದ ಬೆಳೆಯನ್ನು ಕೊಳ್ಳುವ ದೊಡ್ಡ ದೇಶಗಳಲ್ಲಿ ಜರ್ಮನಿಯೂ ಒಂದು. ಅಲ್ಲಿ ಹುರಿದ ಕಾಫಿಗೆ ಕಿಲೋ ಒಂದಕ್ಕೆ 2.19 ಯೂರೋ ತೆರಿಗೆ ಇದೆ, ನಮ್ಮ ಲೆಕ್ಕದಲ್ಲಿ ಇನ್ನೂರು ರೂಪಾಯಿಯ ಆಸುಪಾಸು. ಆ ತೆರಿಗೆ ಸೇರುವ ಬೊಕ್ಕಸವಿರುವ ನಾಡಿನಲ್ಲಿ ಮುದುಕರ ಆರೈಕೆಗೆ ಲೆಕ್ಕವಿದೆ. ಹಣ್ಣು ಕುಯ್ದ ಕೈಗಳ ಆರೈಕೆಗೂ ಒಂದು ಲೆಕ್ಕ ಇರಬೇಕೆಂದು ಆ ಗೋದಾಮುಗಳ ಮುಂದೆ ನಡೆಯುವಾಗಲೆಲ್ಲ ಅನ್ನಿಸುತ್ತದೆ.

ಕಳೆದ ರಜೆಯಲ್ಲಿ ಊರಿಗೆ ಬಂದಾಗ ಕಣದಲ್ಲಿ ಕಾಫಿ ಒಣಗುತ್ತಿತ್ತು. ಪಕ್ಕದ ಲೈನಿನ ಅಜ್ಜಿಯೊಬ್ಬರು ಅಮ್ಮನ ಜೊತೆಯಲ್ಲಿ ಬಂದು, ವೃದ್ಧಾಪ್ಯ ವೇತನಕ್ಕೆ ನಾಡಕಚೇರಿಗೆ ಕೊಡಲು ಅರ್ಜಿ ಬರೆದುಕೊಡು ಮಗಾ ಎಂದರು. ಅವರಿಗೆ ತಮ್ಮವರೆಂದು ಯಾರೂ ಇಲ್ಲ. "ನಾನು ದಿಕ್ಕಿಲ್ಲದವಳು, ನಿಮ್ಮ ಕಾಲಿಗೆ ಬೀಳ್ತೀನಿ ಅಂತ ಬರಿ" ಎಂದು ಒತ್ತಾಯಿಸಿದರು. ನಾನು ಅವರ ವಯಸ್ಸು, ಪಡಿತರ ಚೀಟಿಯ ಸಂಖ್ಯೆ, ತೋಟದಲ್ಲಿ ದುಡಿದ ವರ್ಷಗಳು ಎಲ್ಲವನ್ನೂ ಬರೆದು, ಕೊನೆಯಲ್ಲಿ "ಮಂಜೂರು ಮಾಡಬೇಕೆಂದು ಕೋರುತ್ತೇನೆ" ಎಂದು ಬರೆದು ಓದಿ ಹೇಳಿದೆ. ಅವರು ಇನ್ನೊಮ್ಮೆ ಓದಿಸಿದರು. ಇಷ್ಟೇ ಸಾಕೇ, ಸಾಹೇಬರು ಬೇಜಾರು ಮಾಡಿಕೊಳ್ಳುವುದಿಲ್ಲವೇ ಎಂದು ಕೇಳಿದರು. ಇಷ್ಟೇ ಸಾಕು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಕೆಳಗೆ ಜಾಗ ಉಂಟಲ್ಲ, ಎಲ್ಲರಿಗೂ ನಮಸ್ಕಾರ ಅಂತ ಸೇರಿಸು" ಎಂದರು. ಅದನ್ನು ಸೇರಿಸಿ ಕಾಗದವನ್ನು ಅವರ ಮುಂದಿಟ್ಟೆ. ಅಮ್ಮ ಶಾಯಿಯ ಪ್ಯಾಡು ಹಿಡಿದರು, ಅಜ್ಜಿ ಸೆರಗಿನಿಂದ ಹೆಬ್ಬೆರಳನ್ನು ಒರೆಸಿಕೊಂಡು ಮುಂದೆ ಚಾಚಿದರು.