ಗಂಗೊಳ್ಳಿ ಅಳಿವೆಯ ಎರಡು ಏಡಿಗಳು

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳು ಕೂಡಿ ಕಡಲು ಸೇರುವಲ್ಲಿ, ಕುಂದಾಪುರದ ಪಂಚಗಂಗಾವಳಿಯಲ್ಲಿ, ನಮ್ಮ ದೋಣಿ ಇಳಿತದ ಹೊತ್ತಿಗೇ ಹೊರಟಿತು. ನೀರು ಇಳಿದರಷ್ಟೇ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವಿನ ಬಿಲಗಳು ಕಾಣುತ್ತವೆ. ಜೊತೆಗಿದ್ದ ಸಂಶೋಧಕಿಗೆ ಕೆಸರೇಡಿಗಳ ಅಂಗಾಂಶ ಬೇಕಿತ್ತು. ನನಗೆ, ಪುಸ್ತಕಗಳೇ ದಶಕಗಳ ಕಾಲ ಅದಲುಬದಲು ಮಾಡಿದ ಎರಡು ಪ್ರಭೇದಗಳನ್ನು ಕಣ್ಣಾರೆ ನೋಡುವ ಆಸೆ.

ಒಂದು ಕುದ್ರುವಿನ, ಅಂದರೆ ಹೊಳೆಯ ನಡುಗಡ್ಡೆಯ, ಅಂಚಿನಲ್ಲಿ ದೋಣಿಯವರು ಬಿಲಕ್ಕೆ ಕಬ್ಬಿಣದ ಕೊಕ್ಕೆ ತೂರಿಸಿ ಕಂದುಬಣ್ಣದ ಏಡಿಯೊಂದನ್ನು ಎಳೆದರು. ಕಾಲಿನಿಂದ ಒತ್ತಿ ಹಿಡಿದು ಕೊಂಡಿಗಳಿಗೆ ಹಗ್ಗ ಬಿಗಿದರು. ಆಮೇಲೆ ಹೊಳೆಯ ನಡುವೆ ಇಟ್ಟಿದ್ದ ಬಲೆಯಲ್ಲಿ ಇನ್ನೊಂದು ಸಿಕ್ಕಿತು: ಹಸಿರು, ದೊಡ್ಡದು.

“ಅಣ್ಣ, ಎರಡೂ ಒಂದೇ ಜಾತಿಯೇ?” ಎಂದೆ.

“ಬಿಲದ್ದು ಬೇರೆ, ಹೊಳೆಯದ್ದು ಬೇರೆ. ಅದು ಇದರಷ್ಟು ದೊಡ್ಡದಾಗುವುದೇ ಇಲ್ಲ” ಎಂದರು.

ಬಣ್ಣವನ್ನು ನಂಬುವಂತಿಲ್ಲ, ನೀರು ಕೆಸರಿಗೆ ತಕ್ಕಂತೆ ಅದು ಬದಲಾಗುತ್ತದೆ. ಸಂಶೋಧಕಿ ಏಡಿಗಳನ್ನು ತೊಳೆದು ಪಕ್ಕಪಕ್ಕ ಹಿಡಿದರು. ಹಸಿರು ಏಡಿಯ ಕಣ್ಣುಗಳ ನಡುವೆ ಚಿಪ್ಪಿನ ಅಂಚಿನಲ್ಲಿರುವ ನಾಲ್ಕು ಹಲ್ಲುಗಳು ಎತ್ತರವಾಗಿದ್ದವು. ಕಂದು ಏಡಿಯವು ತಗ್ಗಾಗಿ, ದುಂಡಗೆ ಸವೆದಂತಿದ್ದವು. ಕೊಂಡಿಯ ಹಿಂದಿನ ಗೆಣ್ಣನ್ನು ಬೆರಳಿನಿಂದ ತಡವಿದೆ: ಹಸಿರಿನದರ ಹೊರಬದಿಯಲ್ಲಿ ಎರಡು ಮುಳ್ಳುಗಳು ಸ್ಪಷ್ಟವಾಗಿ ಚುಚ್ಚಿದವು, ಕಂದಿನದರಲ್ಲಿ ಒಂದು ಮೊಂಡು ಗುಬುಟು ಮಾತ್ರ. ಹಸಿರಿನದರ ಎಲ್ಲ ಕಾಲುಗಳ ಮೇಲೂ ಬಲೆಯ ಕಣ್ಣುಗಳಂಥ ಚಿತ್ತಾರ. ಇದು ಸ್ಕಿಲ್ಲಾ ಸೆರಾಟಾ. ಬಿಲದ್ದು ಸ್ಕಿಲ್ಲಾ ಒಲಿವೇಸಿಯಾ.

ಸೆರಾಟಾ ಎಂಬ ಹೆಸರು ಹುಟ್ಟಿದ್ದು ಕೆಂಪು ಸಮುದ್ರದ ಏಡಿಯಿಂದ. ನಿಸರ್ಗವಿಜ್ಞಾನಿ ಫೋರ್ಸ್ಕಾಲ್ ಅದನ್ನು ವರ್ಣಿಸಿದ ಬರಹ ಅವನು ತೀರಿಕೊಂಡ ಮೇಲೆ, 1775ರಲ್ಲಿ, ಅಚ್ಚಾಯಿತು. 1949ರಲ್ಲಿ ಫಿಲಿಪ್ಪೀನ್ಸಿನ ಎಸ್ಟಂಪಾಡೋರ್ ಕೆಸರೇಡಿಗಳನ್ನು ಬೇರೆ ಬೇರೆ ಪ್ರಭೇದಗಳೆಂದು ವಿಂಗಡಿಸಿದರೂ, ಮುಂದೆ ಬಂದವರು ಎಲ್ಲವನ್ನೂ ಒಂದೇ ಪ್ರಭೇದವಾಗಿಸಿದರು. 1998ರಲ್ಲಿ ಕೀನನ್, ಡೇವಿ ಮತ್ತು ಮಾನ್ ದೇಹರಚನೆಯ ಜೊತೆಗೆ ಪ್ರೋಟೀನು, ಡಿಎನ್‌ಎಗಳನ್ನೂ ಹೋಲಿಸಿ ನಾಲ್ಕು ಪ್ರಭೇದಗಳನ್ನು ಖಚಿತಪಡಿಸಿದರು. ಭಾರತದ ಬರಹಗಳಲ್ಲಿ ಮಾತ್ರ ದೊಡ್ಡದಕ್ಕೆ ತಮಿಳುನಾಡಿನ ತರಂಗಂಬಾಡಿಯ (ಟ್ರಾಂಕ್ವೆಬಾರ್) ಹೆಸರು ಹೊತ್ತ ಟ್ರಾಂಕ್ವೆಬಾರಿಕಾ, ಚಿಕ್ಕದಕ್ಕೆ ಸೆರಾಟಾ ಎನ್ನುವ ರೂಢಿ ಬಹುಕಾಲ ಉಳಿಯಿತು. ನಮ್ಮ ತೀರದ ಏಡಿಗಳ ಡಿಎನ್‌ಎ ಓದಿದ ಮೇಲೆ ದೊಡ್ಡದೇ ಸೆರಾಟಾ, ಚಿಕ್ಕದು ಒಲಿವೇಸಿಯಾ ಎಂದಾಯಿತು. ಎರಡರ ಬೆಳವಣಿಗೆ ಬೇರೆ, ಮೊಟ್ಟೆಗೆ ಬರುವ ಗಾತ್ರ ಬೇರೆ. ಒಂದರ ಅಳತೆ ಇನ್ನೊಂದರ ಹೆಸರಿನಲ್ಲಿ ದಾಖಲಾದರೆ, ಎಷ್ಟು ದೊಡ್ಡ ಏಡಿಯನ್ನು ಹಿಡಿಯಬಹುದು ಎಂಬ ನಿಯಮವೇ ತಪ್ಪುತ್ತದೆ. ಇದನ್ನು ಬರಿಯ ಹೆಸರಿನ ಜಗಳವೆಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ದೋಣಿಯಲ್ಲೇ ಮಾದರಿ ತೆಗೆದದ್ದಾಯಿತು. ಈಜುಗಾಲಿನ ತುದಿಯ ಚೂರೊಂದನ್ನು ಕತ್ತರಿಸಿ ಆಲ್ಕೋಹಾಲಿನ ಶೀಶೆಗೆ ಹಾಕಿದರು. ಪೊರೆ ಕಳಚುವಾಗ ಏಡಿಯ ಕಾಲು ಮತ್ತೆ ಬೆಳೆಯುತ್ತದೆ. ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳನ್ನು ಓದಿದರೆ ಪ್ರಭೇದ ತಿಳಿಯುತ್ತದೆ. ಆದರೆ ಕೋಶಕೇಂದ್ರದ ಹೊರಗಿರುವ ಆ ಜೀನು ತಾಯಿಯಿಂದಷ್ಟೇ ಬರುವುದರಿಂದ, ಮಿಶ್ರತಳಿಯನ್ನು ಪತ್ತೆಹಚ್ಚಲು ಕೋಶಕೇಂದ್ರದ ಡಿಎನ್‌ಎಯನ್ನೂ ನೋಡಬೇಕು. ಡಿಎನ್‌ಎ ಹೇಳುವುದನ್ನು ದೇಹದ ಗುರುತುಗಳೊಂದಿಗೆ ಹೋಲಿಸಲೆಂದೇ ಅವರು ಪ್ರತಿ ಏಡಿಯ ಹಣೆ ಮತ್ತು ಗೆಣ್ಣಿನ ಫೋಟೊ ತೆಗೆದು, ಶೀಶೆಯ ಸಂಖ್ಯೆಯ ಪಕ್ಕದಲ್ಲಿ ದೋಣಿಯವರು ಹೇಳಿದಂತೆ “ಬಿಲ” ಅಥವಾ “ಹೊಳೆ” ಎಂದು ಬರೆದುಕೊಂಡರು.